ಅವಳ ಹೊಲಿಗೆ ಪಾಠ

ಮಂಗಳವಾರ, ರಾತ್ರಿ

…ಹೊರಗಿನವರ ಕಾಟ ಅಲ್ಲ ಸಾರ್, ನಿಮ್ಮ ಮನೆಯಿಂದಲೇ ಯಾರೋ ಸೈಟಿಗೆ ಉಸಿರಾಡೋಕೂ ಬಿಡದ ಹಾಗೆ ಒಂದೇ ಪುಟಾನ ಮತ್ತೆ ಮತ್ತೆ ಕೇಳ್ತಿದ್ದಾರೆ, ಎಂದ ಫೋನಿನಲ್ಲಿ ಸರ್ವರ್ ನೋಡಿಕೊಳ್ಳುವವನು. ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳ ಹೊಲಿಗೆ ಪಾಠದ ವೆಬ್‌ಸೈಟು ದಿನಾ ‘ಸರ್ವರ್ ಎರರ್’ ಎಂದು ಬಿದ್ದುಹೋಗುತ್ತಿತ್ತು. ಎಬ್ಬಿಸಿ ನಿಲ್ಲಿಸುವುದು ನನಗೊಂದು ಕೆಲಸವಾಗಿತ್ತು. ಅಳುವುದಕ್ಕಿಂತ ಸುಲಭದ ಕೆಲಸ.

ಫೋನಿಟ್ಟು ಅತ್ತೆಯ ಕೋಣೆಗೆ ಹೋದೆ. ಹೆಂಡತಿಯ ಹಳೆಯ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದಿತ್ತು. ಪುಟವನ್ನು ಹೊಸದಾಗಿ ತರಿಸುವ ರಿಫ್ರೆಶ್ ಕೀ ಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ.

“ಒತ್ತಿ ಒತ್ತಿ ಬೆರಳು ನೋಯುತ್ತಪ್ಪ. ಅದಕ್ಕೇ ಭಾರ ಇಟ್ಟೆ.”

“ಅತ್ತೆ, ಇನ್ನು ಹೊಸ ಪಾಠ ಬರಲ್ಲ.”

“ಗೊತ್ತು. ನನಗೇನು ಅರಳು ಮರಳೇ ಅಳಿಯಂದ್ರೇ? ನಾನು ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?”

ಕತ್ತರಿ ಎತ್ತಿಟ್ಟೆ. ಸ್ವಲ್ಪ ಹೊತ್ತಿಗೆ ಸೈಟು ತಾನಾಗಿ ಎದ್ದಿತು. ಕೊನೆಯ ಪಾಠದಲ್ಲಿ ರವಿಕೆಯ ಎಡತೋಳು ಕೂಡಿಸಿಯಾಗಿದೆ, ಬಲತೋಳು ಮುಂದಿನ ವಾರ ಎಂದಿದ್ದಾಳೆ. ಅತ್ತೆ ನನ್ನ ಮುಖ ನೋಡದೆ ಬೆರಳನ್ನು ಮತ್ತೆ ಅದೇ ಕೀ ಮೇಲಿಟ್ಟರು.

ಈ ಕೀ ಒತ್ತಿದರೆ ಹೊಸ ಪಾಠ ಬರುತ್ತೆ ಎಂದು ನಿನ್ನಮ್ಮನಿಗೆ ಹೇಳಿಕೊಟ್ಟವಳು ನೀನು. ಬಾರದೆ ಹೋದರೆ ಏನು ಮಾಡಬೇಕೆಂದು ಯಾರಿಗೆ ಹೇಳಿ ಹೋದೆ?