ಫಿಜಾಕ್‌ನಲ್ಲಿ ಅಣಬೆಯ ಕಾಲ

ಸೆಪ್ಟೆಂಬರ್ 18, ಬುಧವಾರ

ಇವತ್ತು ಏಳು ಬುಟ್ಟಿ. ಕೌಂಟರ್ ಮೇಲೆ ಔಷಧಿಗಿಂತ ಮಣ್ಣೇ ಹೆಚ್ಚು. ಬಿಪಿ ಮಾತ್ರೆಗೆ ಬಂದವರು ಸಾಲಿನಲ್ಲಿ ನಿಂತು ಮುಂದಿನವರ ಬುಟ್ಟಿಗೆ ಕತ್ತು ಚಾಚುತ್ತಿದ್ದರು. ಮಳೆ ಬಿದ್ದು ನಾಲ್ಕು ದಿನವಾದರೆ ಇಡೀ ಊರು ಕಾಡಿಗೆ ನುಗ್ಗುತ್ತದೆ. ಆಮೇಲೆ ಇಡೀ ಊರು ಔಷಧಿ ಅಂಗಡಿಗೆ ಬರುತ್ತದೆ — ಯಾವುದನ್ನು ತಿನ್ನಬಹುದು, ಯಾವುದನ್ನು ತಿಂದರೆ ಸಾಯುತ್ತೇವೆ, ನೋಡಿ ಹೇಳಿ ಮದಾಂ. ಫಾರ್ಮಸಿ ಓದುವಾಗ ಅಣಬೆಯೂ ಒಂದು ಪಾಠವಾಗಿತ್ತು. ಇಷ್ಟು ಉಪಯೋಗಕ್ಕೆ ಬಂದ ಪಾಠ ಇನ್ನೊಂದಿಲ್ಲ.

"ಎಲ್ಲಿ ಸಿಕ್ತು?" ಎಂದೆ ಒಬ್ಬನನ್ನು.

"ಮರದ ಕೆಳಗೆ."

"ಯಾವ ಮರ?"

"ಎತ್ತರದ್ದು."

ಅಣಬೆ ಸಿಗುವ ಜಾಗವನ್ನು ಹೆಂಡತಿಗೇ ಹೇಳಿರುವುದಿಲ್ಲ, ನನಗೆ ಹೇಳುತ್ತಾನೆಯೇ. ಎರಡು ಬುಟ್ಟಿ ಪೂರ್ತಿ ಕಸಕ್ಕೆ ಹಾಕಿಸಿದೆ. ಗೊಣಗುತ್ತಾ ಹೋದರು.

ಹನ್ನೆರಡಕ್ಕೆ ಬಾಗಿಲು ಹಾಕಿ ಗುಡ್ಡದ ಬೀದಿ ಹತ್ತಿದೆ. ಎರಡು ಗಂಟೆ ಬಿಡುವು. ಯುಗೆತ್ ಮನೆಯ ಮೆಟ್ಟಿಲಿಗೇ ಬೆಳ್ಳುಳ್ಳಿ ಸಾರಿನ ಘಮ ಇಳಿದು ಬಂದಿತ್ತು. ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟವರು ಊಟವನ್ನೂ ಹಾಕಬೇಕೆಂದೇನಿಲ್ಲ. ಮೊದಲ ದಿನವೇ ಹೇಳಿಬಿಟ್ಟಿದ್ದರು: "ನನ್ನ ಸೂರಿನ ಕೆಳಗೆ ತಗಡಿನ ಡಬ್ಬಿ ಊಟ ತಿನ್ನೋರಿಗೆ ಜಾಗ ಇಲ್ಲ." ಎಪ್ಪತ್ತೊಂಬತ್ತು ವಯಸ್ಸು. ಗಂಡ ಸತ್ತು ಹತ್ತು ವರ್ಷ, ಮಕ್ಕಳಿಲ್ಲ. ನಾಲಿಗೆ ಮಾತ್ರ ಈಗ ತಾನೇ ಸಾಣೆ ಹಿಡಿದಂತಿದೆ.

ಈ ಸೀಮೆಯವರ ಹಾಗೆ ಸಾರಿನ ಕೊನೆಯ ಎರಡು ಗುಟುಕು ಉಳಿಸಿ, ಅದಕ್ಕೆ ಕೆಂಪು ವೈನ್ ಸುರಿದು, ಬಟ್ಟಲನ್ನೇ ಎತ್ತಿ ಕುಡಿದೆ. ಯುಗೆತ್ ತಲೆ ವಾರೆ ಮಾಡಿ ಸದ್ದು ಕೇಳಿಸಿಕೊಂಡರು.

"ಹಾ. ಈಗ ಮನುಷ್ಯರ ಹಾಗೆ ತಿಂದೆ."

ಸೆಪ್ಟೆಂಬರ್ 22, ಭಾನುವಾರ

ಇಪ್ಪತ್ತೆರಡು ವರ್ಷವಾಯಿತು. ರಜೆ ಹೋದ, ಹೆರಿಗೆಗೆ ಹೋದ, ಸೊಂಟ ಮುರಿದುಕೊಂಡ ಔಷಧಿ ಅಂಗಡಿಯವರ ಜಾಗದಲ್ಲಿ ನಿಲ್ಲುವ ಕೆಲಸ. ಎಲ್ಲಿಯೂ ಎರಡು ತಿಂಗಳ ಮೇಲಿಲ್ಲ. ಪ್ಯಾರಿಸ್ ಬೇಡ, ಸಮುದ್ರ ತೀರದ ಥಳುಕು ಬೇಡ. ಒಂದು ಸಂತೆ, ಒಂದು ಹೊಳೆ, ಒಂದು ರೈಲು ನಿಲ್ದಾಣ ಇರುವ ಊರು ಸಾಕು ಎಂದು ಏಜೆನ್ಸಿಗೆ ಹೇಳಿಟ್ಟಿದ್ದೇನೆ. ಊರುಗಳು ನನಗೆ ಊಟದಿಂದಲೇ ನೆನಪು. ವಿತ್ರೆ ಎಂದರೆ ಕಪ್ಪು ಹಿಟ್ಟಿನ ತೆಳು ದೋಸೆ, ಒಬ್ಬ ರೈಲ್ವೆ ಗಾರ್ಡಿನ ಹೆಂಡತಿ ಹುಯ್ದದ್ದು. ಇಸ್ಸುವಾರ್ ಎಂದರೆ ಹಸಿ ಚೀಸಿನಲ್ಲಿ ಕರಗಿದ ಆಲೂಗಡ್ಡೆ. ಇನ್ನೊಂದು ಊರಿನಲ್ಲಿ ಮೂರು ವಾರ ಯಾರೂ ಮನೆಗೆ ಕರೆಯಲಿಲ್ಲ. ಅಲ್ಲಿನ ಒಂದು ಬೀದಿಯೂ ನೆನಪಿಲ್ಲ.

ಊಟಕ್ಕೆ ಪಕ್ಕದ ಮನೆಯ ಲಕಾಜ್ ಬಂದಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್. ಭಾನುವಾರ ತಪ್ಪಿಸುವುದಿಲ್ಲ, ಕೈಯಲ್ಲೊಂದು ಬಾಟಲಿ. ಮಾತು ಅಣಬೆಗೆ ಬಂತು.

"ಬುಟ್ಟಿ ಹೊತ್ಕೊಂಡು ಫಾರ್ಮಸಿಗೆ ಹೋಗೋರು ಪ್ಯಾರಿಸ್‌ನೋರು, ಇಲ್ಲಾ ಪುಕ್ಕಲರು," ಎಂದರು ಯುಗೆತ್. "ನಾನು ಏಳನೇ ವಯಸ್ಸಿಂದ ಆಯ್ತಿದೀನಿ. ಯಾರಿಗೂ ತೋರ್ಸಿಲ್ಲ."

"ನಾನು ಪುಕ್ಕಲನೇ," ಎಂದರು ಲಕಾಜ್. "ಐವತ್ತು ವರ್ಷದಿಂದ ನಿನ್ನ ಕೈಯಡುಗೆ ತಿಂತಿದೀನಿ, ಇನ್ನೂ ಭಯ ಹೋಗಿಲ್ಲ."

"ಭಯ ಇರೋನು ಎರಡು ಸಲ ಬಡಿಸ್ಕೊಳ್ತಾನಾ?"

ಬುಡಸಮೇತ ಕೀಳಿ, ವಿಷದ ಗುರುತು ಬುಡದಲ್ಲೇ ಇರುವುದು ಎಂದೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಮಣ್ಣಿನ ಮೇಲೆ ಚಾಕು ಇಟ್ಟು ಕೊಯ್ಯಬೇಕಂತೆ. ಕಿತ್ತರೆ ಮುಂದಿನ ವರ್ಷ ಬರುವುದಿಲ್ಲವಂತೆ. ಯುಗೆತ್‌ಗೆ ಅವರಪ್ಪ ಕಲಿಸಿದ್ದು. ಸತ್ತ ಅಪ್ಪನ ಜೊತೆ ವಾದ ಮಾಡಲು ನಾನ್ಯಾರು.

ಸೆಪ್ಟೆಂಬರ್ 28, ಶನಿವಾರ

ಯುಗೆತ್ ಜೊತೆ ಸಂತೆ. ಹಣ್ಣನ್ನು ಮೂಸಿ ಕೊಳ್ಳುತ್ತಾರೆ, ಕೋಳಿಯನ್ನು ಒತ್ತಿ ಕೊಳ್ಳುತ್ತಾರೆ, ವ್ಯಾಪಾರಿಯನ್ನು ಬೈದು ಕೊಳ್ಳುತ್ತಾರೆ. ಮನೆಗೆ ಬಂದು ಕಾಫಿ. ಬಗ್ಗಿಸುವಾಗ ಬೆರಳಿನ ತುದಿಯನ್ನು ಕಪ್ಪಿನ ಒಳಗಿಟ್ಟುಕೊಳ್ಳುತ್ತಾರೆ, ಬಿಸಿ ತಾಗಿದಾಗ ನಿಲ್ಲಿಸುತ್ತಾರೆ. ಹಳೆಯ ಕಾಲದವರ ರೀತಿಯಿರಬೇಕು.

ಮುಂದಿನ ವಾರ ಅಣಬೆ ಊಟವಂತೆ. ಲಕಾಜ್, ಅವರ ತಂಗಿ, ಬೇಕರಿಯ ಗಂಡ ಹೆಂಡತಿ, ನಾನು. ಈಗಿನಿಂದಲೇ ಬಾಯಲ್ಲಿ ನೀರು.

ಅಕ್ಟೋಬರ್ 6, ಭಾನುವಾರ, ಸಂಜೆ 4

ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದೂವರೆಗೆ ಕೆಳಗಿಳಿದೆ. ಯುಗೆತ್ ಒಳಗೆ ಒಳ್ಳೆಯ ಮೇಜುಬಟ್ಟೆ ಹುಡುಕುತ್ತಿದ್ದರು. ಸಿಂಕಿನ ಪಕ್ಕ ಟವೆಲ್ ಹಾಸಿ ಅದರ ಮೇಲೆ ಅಣಬೆ ಸಾಲಾಗಿ ಇಟ್ಟಿದ್ದರು. ಇಪ್ಪತ್ತರ ಮೇಲಿತ್ತು. ಹಸಿರು ಟೋಪಿಯದು. ಇಲ್ಲಿಯವರು ಅದಕ್ಕೆ ಪ್ರಾಣ ಬಿಡುತ್ತಾರೆ. ಬಾಣಲೆಯಲ್ಲಿ ಬಾಡಿಸಿ, ಬೆಳ್ಳುಳ್ಳಿ, ಉಪ್ಪು, ಅಷ್ಟೇ. ಟೋಪಿಯ ಮೇಲೆಲ್ಲ ಬಿರುಕು ಇರುತ್ತದೆ, ಒಣಗಿದ ಕೆರೆಯ ಮಣ್ಣಿನ ಹಾಗೆ.

ಒಂದಕ್ಕೆ ಬಿರುಕಿರಲಿಲ್ಲ. ನುಣುಪು. ಎತ್ತಿ ತಿರುಗಿಸಿದೆ. ಕಾಂಡದ ಸುತ್ತ ತೆಳುವಾದ ಬಿಳಿ ಪೊರೆ, ಲಂಗದ ಹಾಗೆ. ಬುಡವಿಲ್ಲ. ಅದು ಕಾಡಿನ ಮಣ್ಣಿನಲ್ಲೇ ಉಳಿದಿತ್ತು, ಚಾಕುವಿನ ಕೆಳಗೆ.

ಅದೊಂದೇ ಸಾಕಿತ್ತು ನಮ್ಮೆಲ್ಲರನ್ನೂ ಕೊಲ್ಲಲು. ತಿಂದ ಕೂಡಲೇ ಏನೂ ಆಗುವುದಿಲ್ಲ. ಚೆನ್ನಾಗಿತ್ತು ಎಂದು ಹೊಗಳಿ ಮನೆಗೆ ಹೋಗುತ್ತಾರೆ. ಲಿವರ್ ಹೋಗುವುದು ಆಮೇಲೆ.

ಹೇಳಬೇಕಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಲಕಾಜ್ ನಗು, ಬೇಕರಿಯವರ ಮಾತು. ಎಪ್ಪತ್ತೆರಡು ವರ್ಷ ಅಣಬೆ ಆಯ್ದವರಿಗೆ ಅಷ್ಟು ಜನರ ಎದುರು ಏನೆಂದು ಹೇಳಲಿ? ಅದೊಂದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟೆ. ಉಳಿದವೂ ಅದರ ಜೊತೆ ಒಂದೇ ಬುಟ್ಟಿಯಲ್ಲಿ ಬಂದವು. ಸಿಂಕಿನ ಕೆಳಗಿನಿಂದ ಬ್ಲೀಚ್ ಬಾಟಲಿ ತೆಗೆದೆ. ಕೈ ಜಾರಿದ ಹಾಗೆ ಮಾಡಿ ಅಣಬೆಯ ಮೇಲೆಲ್ಲ ಸುರಿದುಬಿಟ್ಟೆ.

ವಾಸನೆಗೆ ಯುಗೆತ್ ಓಡಿ ಬಂದರು.

"ನೆಲ ಒರೆಸೋಣ ಅಂತ..." ಎಂದೆ.

"ನನ್ನ ಅಡುಗೆಮನೇಲಿ ನೆಲ ಒರೆಸೋಕೆ ನಿನಗ್ಯಾರೇ ಹೇಳಿದ್ರು? ಮೂರು ದಿನ ಅಲೆದಿದೀನಿ ಕಣೇ ಇದಕ್ಕೆ! ಕಣ್ಣು ಕಾಣಲ್ವಾ? ಕುರುಡಿ!"

ಎಲ್ಲರ ಮುಂದೆ. ಸರಿ, ನಾನೇ ಕುರುಡಿ. ಅವರೆಲ್ಲ ಆಲೂಗಡ್ಡೆ ಆಮ್ಲೆಟ್ ತಿಂದರು. ಮೇಜಿನ ಮೇಲೆ ನನ್ನ ತಟ್ಟೆ ಇರಲಿಲ್ಲ.

ಅಕ್ಟೋಬರ್ 9, ಬುಧವಾರ

ಮೂರು ದಿನದಿಂದ ಡಬ್ಬಿ ಮೀನು. ಅಂಗಡಿಯ ಹಿಂದಿನ ಕೋಣೆಯಲ್ಲಿ, ನಿಂತುಕೊಂಡೇ.

ಯುಗೆತ್ ಮುಖ ಕೊಟ್ಟು ಮಾತಾಡುವುದಿಲ್ಲ. ಹಸಿವಿಗಿಂತ ಅದೇ ಹೆಚ್ಚು ಸುಡುತ್ತಿದೆ. ಈ ಊರು ಬಿಟ್ಟರೆ ಇನ್ನೊಂದು ಊರು ಎಂದುಕೊಂಡರೂ ಸಮಾಧಾನವಿಲ್ಲ.

ಕಾಫಿ ಕಪ್ಪಿನೊಳಗಿನ ಬೆರಳು. ಈಗ ಅರ್ಥವಾಯಿತು, ಅವರಿಗೆ ಕಪ್ಪಿನ ಅಂಚು ಕಾಣುವುದಿಲ್ಲ. ನಾನು ಎಂಥ ಫಾರ್ಮಸಿಯವಳು.

ನಿನ್ನೆಯಿಂದ ಮಳೆ. ಇನ್ನು ಮೂರು ದಿನಕ್ಕೆ ಮತ್ತೆ ಅಣಬೆ. ಬಾಟಲಿ ಸುರಿದು ನಾನು ಉಳಿಸಿದ್ದು ಒಂದು ಭಾನುವಾರ ಮಾತ್ರ.

ಅಕ್ಟೋಬರ್ 12, ಶನಿವಾರ

ಬೆಳಿಗ್ಗೆ ಲಕಾಜ್ ಮಂಡಿಗೆ ಮುಲಾಮು ಕೇಳಿಕೊಂಡು ಬಂದರು. "ಯುಗೆತ್ ಕೋಪ ಇಳಿದಿದೆ. ಎದ್ದವಳೇ ಕಾಡಿಗೆ ಹೋದ್ಲು. ನಾಳೆ ಮತ್ತೆ ಊಟ. ನಿಮ್ಮನ್ನ ಮಾತ್ರ ಬ್ಲೀಚ್ ಸಮೇತ ಹೊರಗಿಡ್ಬೇಕಂತೆ!" ನಕ್ಕರು. ನಗಲು ಪ್ರಯತ್ನಿಸಿದೆ.

ಹನ್ನೆರಡಕ್ಕೆ ಗುಡ್ಡ ಹತ್ತಿದೆ. ಕೈಯಲ್ಲಿ ಅಂಗಡಿಯ ಫ್ರಿಜ್ಜಿನಲ್ಲಿಟ್ಟಿದ್ದ ಕರವಸ್ತ್ರದ ಪೊಟ್ಟಣ. ಯುಗೆತ್ ಒಬ್ಬರೇ ಇದ್ದರು, ಹೊಸ ಅಣಬೆ ಒರೆಸುತ್ತಾ. ಟವೆಲಿನಿಂದ ಒಳ್ಳೆಯದೊಂದನ್ನು ಎತ್ತಿ ಅವರ ಬಲಗೈಯಲ್ಲಿಟ್ಟೆ. ಪೊಟ್ಟಣದ್ದನ್ನು ಎಡಗೈಯಲ್ಲಿಟ್ಟೆ.

"ಮುಟ್ಟಿ ನೋಡಿ."

ಬಲಗೈಯದನ್ನು ಮುರಿದರು. ಸೀಮೆಸುಣ್ಣದ ಹಾಗೆ ಪಟ್ಟೆಂದಿತು. ಎಡಗೈಯದು ಮುರಿಯಲಿಲ್ಲ, ನಾರುನಾರಾಗಿ ಸೀಳಿತು. ಬೆರಳು ಮೇಲೆ ಸರಿದು ಲಂಗದ ಹತ್ತಿರ ನಿಂತಿತು. ಕಣ್ಣಿಗೆ ಕಾಣದ್ದು ಕೈಗೆ ಗೊತ್ತಾಯಿತು.

"ಎಲ್ಲಿಂದ ಬಂತಿದು?"

"ಹೋದ ಭಾನುವಾರ ನಿಮ್ಮ ಟವೆಲ್ ಮೇಲಿತ್ತು."

ಕುರ್ಚಿ ತಡವಿ ಕೂತರು. "ಲಕಾಜ್ ಎರಡು ಸಲ ಬಡಿಸ್ಕೊಂಡಿರೋನು," ಎಂದರು.

"ಕೈ ತೊಳ್ಕೊಳ್ಳಿ, ಮದಾಂ ಯುಗೆತ್."

"ಕುರುಡಿ ಅಂದೆ ನಿನ್ನ. ಎಲ್ಲರ ಮುಂದೆ. ಯಾಕೆ ಸುಮ್ನಿದ್ದೆ?"

"ನಾನು ತಿಂಗಳ ಕೊನೇಲಿ ಊರು ಬಿಡೋಳು. ನೀವು ಇಲ್ಲೇ ಇರೋರು."

ಆಗ ಹೇಳಿಕೊಂಡರು. ವರ್ಷದಿಂದ ಎಲ್ಲವೂ ಹಾಲಿನೊಳಗೆ ಮುಳುಗಿದ ಹಾಗೆ ಕಾಣುತ್ತದಂತೆ. "ಡಾಕ್ಟ್ರಿಗೆ ಹೇಳಿದ್ರೆ ಒಲೆ ಮುಟ್ಬೇಡಿ ಅಂತಾರೆ. ಒಲೆ ಬಿಟ್ಟು ಏನ್ಮಾಡ್ಲಿ? ಟಿವಿ ನೋಡ್ಕೊಂಡು ಕೂರ್ಲಾ? ಅದೂ ಕಾಣಲ್ವಲ್ಲೇ!" ಇಬ್ಬರಿಗೂ ನಗು ಬಂತು. ಅವರ ಕೆನ್ನೆ ಒದ್ದೆಯಾಗಿತ್ತು.

ಎದ್ದು ಏಪ್ರನ್ ಬಿಗಿದುಕೊಂಡರು. "ಆ ಬಾಟಲಿ ತಾ ಇಲ್ಲಿ." ಹೊಸ ಅಣಬೆಯ ಮೇಲೆಲ್ಲ ತಾವೇ ಬ್ಲೀಚ್ ಸುರಿದರು. ಆಮೇಲೆ ಮೇಜಿನ ಮೇಲೆ ಎರಡು ತಟ್ಟೆ ಇಟ್ಟರು.

ಅಕ್ಟೋಬರ್ 16, ಬುಧವಾರ

ಕಣ್ಣಿನ ಡಾಕ್ಟರು. ಎರಡೂ ಕಣ್ಣಿಗೆ ಪೊರೆ, ತೆಗೆದರೆ ಸರಿಹೋಗುತ್ತದೆ. ಯಾರೋ ಬರುವುದಿಲ್ಲವೆಂದು ನವೆಂಬರ್ 5ರ ಜಾಗ ಖಾಲಿಯಾಗಿತ್ತು, ಮೊದಲು ಬಲಗಣ್ಣು. ಒಂದು ತಿಂಗಳು ದಿನಕ್ಕೆ ನಾಲ್ಕು ಸಲ ಔಷಧಿ ಹನಿ ಬಿಡಬೇಕು.

"ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು ಡಾಕ್ಟರು.

"ಬಾಡಿಗೆಯವಳು. ಅವಳೂ ತಿಂಗಳ ಕೊನೆಗೆ ಹೊರಡ್ತಾಳೆ."

ನನ್ನ ಕಡೆ ತಿರುಗಲಿಲ್ಲ. ದಾರಿಯುದ್ದಕ್ಕೂ ತೋಳು ಹಿಡಿದುಕೊಂಡಿದ್ದರು.

ಅಕ್ಟೋಬರ್ 23, ಬುಧವಾರ

ಏಜೆನ್ಸಿಯಿಂದ ಫೋನ್. ನಾಲ್ಕನೇ ತಾರೀಖಿನಿಂದ ಸೇಂ-ಫ್ಲೂರ್, ಎಂಟು ವಾರ. ಬೆಟ್ಟದ ಮೇಲಿನ ಕಪ್ಪು ಕಲ್ಲಿನ ಊರು. ಅಲ್ಲಿಗೆ ಕಳಿಸಿ ಎಂದು ಎಷ್ಟು ವರ್ಷದಿಂದ ಕೇಳಿದ್ದೆನೋ. ಆಗಲಿ ಎಂದೆ.

ಯುಗೆತ್ ಎಲೆಕೋಸಿಗೆ ಮಾಂಸ ತುಂಬಿ ದಾರ ಕಟ್ಟುತ್ತಿದ್ದರು. ಹೇಳಿದೆ.

"ಹೋಗಮ್ಮ, ನಿನ್ನ ಕೆಲಸ ಅದು. ಹನಿ ಲಕಾಜ್ ಹಾಕ್ತಾನೆ."

ಲಕಾಜ್ ಕೈ ನಡುಗುತ್ತದೆ. ಹಾಕಿದ ಹನಿ ಮೂಗಿನ ಮೇಲೆ ಬಿದ್ದೀತು.

ಅಕ್ಟೋಬರ್ 31, ಗುರುವಾರ

ಕೆಲಸದ ಕೊನೆಯ ದಿನ. ಕೀಲಿಕೈ ಒಪ್ಪಿಸಿದೆ. ಸೂಟ್‌ಕೇಸ್ ತುಂಬಿಸಲು ಹತ್ತು ನಿಮಿಷ ಸಾಕು. ಅಭ್ಯಾಸ.

ಕೆಳಗೆ ಯುಗೆತ್ ಸೇಬಿನ ಕಡುಬನ್ನು ಪ್ರಯಾಣಕ್ಕೆಂದು ಕಟ್ಟಿಕೊಡುತ್ತಿದ್ದರು. ಹಿಟ್ಟನ್ನು ಮೇಜಿನಷ್ಟಗಲ ಎಳೆದು ಮಾಡುವ ಕಡುಬು. ನಿನ್ನೆಯೆಲ್ಲ ಅದಕ್ಕೇ ಹೋಗಿತ್ತು, ಕಾಣದ ಕಣ್ಣಿನಲ್ಲಿ. ಇರು ಎಂದು ಕೇಳಲಿಲ್ಲ. "ಅಲ್ಲಿ ನಿನಗೆ ಯಾರು ಬೇಯಿಸಿ ಹಾಕ್ತಾರೋ ಏನೋ," ಎಂದರು ಅಷ್ಟೆ.

ಬೀದಿಗೆ ಹೋಗಿ ಏಜೆನ್ಸಿಗೆ ಫೋನ್ ಮಾಡಿದೆ. ಸೇಂ-ಫ್ಲೂರ್‌ಗೆ ಬರುವುದಿಲ್ಲ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಹುಷಾರಿಲ್ಲವೇ ಎಂದು ಕೇಳಿದರು.

"ಚೆನ್ನಾಗಿದೀನಿ. ಮನೇಲಿ ಕೆಲಸ ಇದೆ."

ಮನೆ ಎಂದೆ. ಬಾಯಿ ತಪ್ಪಿ ಬಂದದ್ದಲ್ಲ.

ಲಕಾಜ್ ಅವರನ್ನೂ ಕರೆದು, ಕಡುಬನ್ನು ಮೂವರೂ ಇಲ್ಲೇ ತಿಂದು ಮುಗಿಸಿದೆವು.

ನವೆಂಬರ್ 6, ಬುಧವಾರ

ಎಂಟು ಗಂಟೆಗೆ ಬಲಗಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಮಿಟುಕಿಸಿದರು. ಮೊದಲು ಕಿಟಕಿ ನೋಡಿದರು. ಆಮೇಲೆ ಒಲೆಯ ಹಿಂದಿನ ಗೋಡೆ.

"ಅಯ್ಯೋ ದೇವರೇ! ಇಷ್ಟು ಜಿಡ್ಡಾ? ಇಲ್ಲಿ ಕೂರ್ಸಿ ನಿನಗೆ ಊಟ ಹಾಕಿದ್ನಾ?"

"ಹೂಂ."

"ಹೇಳ್ಬಾರ್ದಾ?"

"ಊಟ ಚೆನ್ನಾಗಿತ್ತು."

ಆಮೇಲೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಬೆರಳಲ್ಲಿ ಬೆಳ್ಳುಳ್ಳಿಯ ವಾಸನೆ. ನೋಡಿದರು, ನೋಡಿದರು.

"ನಿನಗೆ ಇಷ್ಟು ವಯಸ್ಸಾಗಿದ್ಯಾ ಗಿಸ್ಲೇನ್!"

"ಐವತ್ನಾಲ್ಕು."

"ಧ್ವನಿ ಕೇಳಿ ಮೂವತ್ತೈದು ಅಂದ್ಕೊಂಡಿದ್ದೆ. ಎಲ್ಲಾ ನರೆ! ಇದೇನೇ, ಹುಬ್ಬಿನ ಮೇಲೆ ಗಾಯದ ಗುರುತು?"

"ಚಿಕ್ಕವಳಿದ್ದಾಗ ಬಿದ್ದೆ."

"ಎಲ್ಲಿ ಬಿದ್ದೆ?"

ಅಷ್ಟು ಊರು, ಅಷ್ಟು ಮೇಜು. ಯಾರೂ ಕೇಳಿರಲಿಲ್ಲ. ಕೇಳುವಷ್ಟು ಹತ್ತಿರದಿಂದ ಯಾರೂ ನನ್ನ ಮುಖ ನೋಡಿರಲಿಲ್ಲ. ಹೇಳಲು ಹೋದೆ. ಅಲ್ಲೇ ನಿಂತು ಅತ್ತುಬಿಟ್ಟೆ.

"ಏ, ಅಳ್ಬೇಡ್ವೇ. ಡಾಕ್ಟ್ರು ನನಗೆ ಅಳ್ಬಾರ್ದು ಅಂದಿದಾರೆ. ನೀನು ಶುರು ಮಾಡಿದ್ರೆ ನಾನೂ ಅಳ್ತೀನಿ."

ಹನ್ನೆರಡರ ಹನಿಗೆ ಇನ್ನು ಐದು ನಿಮಿಷ. ಕೆಳಗೆ ಗೋಡೆ ಉಜ್ಜುವ ಸದ್ದು. ಬಗ್ಗಬೇಡಿ ಎಂದು ಎರಡು ಸಲ ಹೇಳಿ ಮಹಡಿಗೆ ಬಂದಿದ್ದೇನೆ, ಈ ಹೆಂಗಸು ಕೇಳುವವರಲ್ಲ, ಇಳಿದು ಹೋಗಿ ಆ ಬ್ರಷ್ಷನ್ನು ಮೊದಲು ಕಿತ್ತುಕೊಳ್ಳಬೇಕು.