ಬ್ರೆಡ್ ಅಂಗಡಿ ಬಾಗಿಲಿನ ಮೀಸೆ ತಾತ

ಲೋಮ್,
ಅಕ್ಟೋಬರ್ ೩

ಕ್ರಾಸೆನ್,

'ಪ್ರೀತಿಯ' ಅಂತ ಶುರುಮಾಡಲು ಕೈ ಬರಲಿಲ್ಲ, 'ಮಾನ್ಯರೇ' ಅಂದರೆ ನೀನು ನಕ್ಕುಬಿಡುತ್ತೀಯ. ಹಾಗಾಗಿ ಬರೀ ಹೆಸರು. ಫೋನ್ ಮಾಡಿದರೆ "ಮೀಟಿಂಗ್‌ನಲ್ಲಿದೀನಿ ವೆಲಿಚ್ಕಾ, ಆಮೇಲೆ ಮಾಡ್ತೀನಿ" ಅನ್ನುತ್ತೀಯ, ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಕಾಗದವನ್ನಾದರೆ ನೀನು ಫೋನಿನ ಹಾಗೆ ನಡುವೆ ಕತ್ತರಿಸಲಾರೆ. ಹರಿದು ಹಾಕಬಹುದು, ಆದರೆ ಮೊದಲು ಓದಿಯೇ ಹರಿಯುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು.

ಈ ಹತ್ತೊಂಬತ್ತಕ್ಕೆ ಅಪ್ಪ ಹೋಗಿ ಒಂದು ವರ್ಷ. ಊರಿನ ಬಾಗಿಲು, ಕಂಬಗಳಿಗೆಲ್ಲ ಅಂಟಿಸಲು ವರ್ಷದ ಸಾವಿನ ಚೀಟಿ ಅಚ್ಚಿಗೆ ಹೋಗಬೇಕು. ಅದೇ ಕಪ್ಪು ಅಂಚು, ಅದೇ ಫೋಟೊ, ಮೇಲೆ 'ನೀನಿಲ್ಲದೆ ಒಂದು ವರ್ಷ', ಕೆಳಗೆ ದುಃಖತಪ್ತರ ಹೆಸರು. ಹೋದ ಸಲ ಮೂರು ಹೆಸರಿದ್ದವು: ಹೆಂಡತಿ ಗೆನಾ, ಮಗಳು ವೆಲಿಚ್ಕಾ, ಅಳಿಯ ಕ್ರಾಸೆನ್. ಈ ಸಲ ಅಚ್ಚು ಹಾಕುವ ಬೊಜಿದಾರ್‌ಗೆ ಶುಕ್ರವಾರ ಎರಡೇ ಹೆಸರು ಕೊಡಬೇಕೆಂದಿದ್ದೇನೆ. ನಮ್ಮೂರಲ್ಲಿ ಚೀಟಿಯಿಂದ ಒಂದು ಹೆಸರು ಬಿದ್ದುಹೋದರೆ ಏನರ್ಥ ಅಂತ ನಿನಗೆ ನಾನು ಕಲಿಸಬೇಕಾಗಿಲ್ಲ. ಕೋರ್ಟಿಗಿಂತ ಮೊದಲು ಬ್ರೆಡ್ ಅಂಗಡಿಯ ಸಾಲಿನಲ್ಲೇ ನಮ್ಮ ವಿಚ್ಛೇದನ ಆಗಿಹೋಗುತ್ತದೆ. ಆಗಲಿ. ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ನಿಮ್ಮ ಕಂಪನಿಯ ಆ ಹಾಳು ಕಂಪ್ಯೂಟರ್ ಆಟ 'ಬೂದಿಯ ದಡ'ದಿಂದ ನನ್ನ ಅಪ್ಪನ ಮುಖ ತೆಗೆ.

"ನನ್ನ ಕೈ ಕಟ್ಟಿಹಾಕಿದಾರೆ" ಅಂತ ಬರೆದಿದ್ದೆಯಲ್ಲ, ಓದಿದೆ. ಫೋಟೊ ತೆಗೆಯುವಾಗ ಆ ಕೈ ಸಡಿಲವಾಗಿಯೇ ಇತ್ತು.

ನಲವತ್ತನೇ ದಿನದ ಪ್ರಾರ್ಥನೆಗೆ ನೀನು ಸೋಫಿಯಾದಿಂದ ಬಂದಿದ್ದೆ. ನಾನು ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಸ್ಮಶಾನದಲ್ಲಿ ಹಂಚುತ್ತಿದ್ದರೆ ನೀನು ಊರು ತುಂಬಾ ಕ್ಯಾಮೆರಾ ಹಿಡಿದು ಸುತ್ತುತ್ತಿದ್ದೆ. ಅಪ್ಪನ ಚೀಟಿ ಅಂಟಿಸಿದ್ದ ಪ್ರತಿ ಬಾಗಿಲು, ಪ್ರತಿ ಕಂಬ, ಬಸ್ ನಿಲ್ದಾಣದ ಗಾಜು, ಬ್ರೆಡ್ ಅಂಗಡಿಯ ಬಾಗಿಲು, ಒಂದನ್ನೂ ಬಿಡಲಿಲ್ಲ. "ನೋಡಮ್ಮ, ಅವನಿಗೂ ಅಪ್ಪ ಅಂದ್ರೆ ಎಷ್ಟು ಜೀವ" ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಕಣ್ಣೊರೆಸಿಕೊಂಡು ನಿನ್ನ ತಟ್ಟೆಗೆ ಇನ್ನೊಂದು ಚೂರು ಬಾನಿತ್ಸಾ ಹಾಕಿದಳು. ನಾನೆಂಥ ಪೆದ್ದಿ! ಲೋಕ ನಾಶವಾದ ಮೇಲಿನ ಊರು ಹೇಗಿರುತ್ತದೆ ಅಂತ ತೋರಿಸಲು ನಿಮ್ಮ ಕಂಪನಿಗೆ ಗೋಡೆಗಳು ಬೇಕಾಗಿದ್ದವು. ನೀನು ನೇರವಾಗಿ ಹೆಂಡತಿಯ ತವರಿಗೆ ಬಂದೆ.

ಒಂದು ಮಾತು ಮಾತ್ರ ನಂಬುತ್ತೇನೆ, ಯಾರೂ ಬೇಕೆಂದು ಮಾಡಲಿಲ್ಲ ಅನ್ನುವುದು. ಒಂದು ಆಫೀಸು ತುಂಬಾ ಬಲ್ಗೇರಿಯದವರು ಇಡೀ ಚಳಿಗಾಲ ಆ ಬಾಗಿಲನ್ನು ಪರದೆಯ ಮೇಲೆ ಹಿಗ್ಗಿಸಿ, ತುಕ್ಕು ಹಚ್ಚಿ, ಮಸಿ ಬಳಿದು ಕೂತಿದ್ದಿರಿ. ಒಬ್ಬರಿಗಾದರೂ ಇದು ನಿಜವಾಗಿ ಸತ್ತ ಒಬ್ಬ ಮನುಷ್ಯನ ಮುಖ ಅಂತ ಹೊಳೆಯಲಿಲ್ಲ. ಹೇಗೆ ಹೊಳೆಯುತ್ತದೆ? ಬಾಗಿಲು ಅಂದಮೇಲೆ ಹಿಡಿಕೆ ಇರುತ್ತದೆ, ಗಂಟೆ ಇರುತ್ತದೆ, ಸತ್ತವರು ಇರುತ್ತಾರೆ. ನಾವು ಹುಟ್ಟಿದಾಗಿನಿಂದ ನೋಡಿದ್ದೇ ಅದು. ಹೊರಗಿನವನೊಬ್ಬ, ಪೋರ್ಚುಗಲ್‌ನ ಯಾವನೋ ಆಟಗಾರ ಕೇಳಬೇಕಾಯಿತು: "ಬ್ರೆಡ್ ಅಂಗಡಿ ಬಾಗಿಲ ಮೇಲಿರೋ ಮೀಸೆ ತಾತ ಯಾರು? ನಿಜವಾದೋರ ಥರ ಕಾಣ್ತಾರಲ್ಲ?" ಅವತ್ತೇ ತೆಗೆದುಬಿಟ್ಟಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನಿಮ್ಮ ಯಜಮಾನ ಅಂದನಂತೆ, "ಜನ ಈ ಆಟದಲ್ಲಿ ಮೆಚ್ಕೊಂಡಿರೋದೇ ಅದೊಂದನ್ನ, ಮುಟ್ಟಬೇಡ್ರಪ್ಪ." ನೀನು ತಲೆಯಾಡಿಸಿ ಬಂದೆ.

ಮೆಚ್ಚಿಕೊಂಡಿದ್ದು ನಿಜ. ನನ್ನ ಔಷಧಿ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಆಟಗಾರರ ಅಭಿಪ್ರಾಯಗಳನ್ನೆಲ್ಲ ಓದುತ್ತಾ ಕೂರುತ್ತೇನೆ. ನಮ್ಮೂರಲ್ಲಿ ಗಿರಾಕಿ ಇಲ್ಲದ ಹೊತ್ತೇ ಹೆಚ್ಚು. ಒಬ್ಬ ಬರೆಯುತ್ತಾನೆ: "ಇದೇನ್ ಆಟಾನೋ ಶಿಕ್ಷೆನೋ? ನಡೆದು ನಡೆದು ಕಾಲ್ ಬಿದ್ದೋಯ್ತು, ಮಾತಾಡ್ಸಕ್ಕೆ ಒಂದ್ ನರಪಿಳ್ಳೆ ಇಲ್ಲ." ಇನ್ನೊಬ್ಬ: "ನನ್ನ ಕುದುರೆ ಸೇತುವೆ ಮೇಲಿಂದ ಹಂಗೇ ನೆಲದೊಳಗೆ ಇಳಿದೋಯ್ತು. ಹಿಂದೇನೇ ನಾನೂ ಇಳಿದೆ. ಕೊಟ್ಟ ದುಡ್ಡೂ ಇಳೀತು." ಮತ್ತೊಬ್ಬ, ಇವನು ತಿಳಿದವನಂತೆ: "ಬಾಂಬ್ ಬಿದ್ದಿದೆ ಅಂದ್ರೆ ಒಪ್ತೀನಿ ಕಣ್ರಿ, ಆದ್ರೆ ಹಿಂಗೆ ಅರ್ಧ ಮನೆಗೆ ಬೀಗ, ಶಾಲೆಗೆ ಬೀಗ, ಮುದುಕಿಯರು ಮಾತ್ರ ಕಿಟಕೀಲಿ? ಇಂಥ ಊರು ಎಲ್ಲಾದ್ರೂ ಇರುತ್ತಾ? ನಂಬೋಹಂಗೆ ಮಾಡ್ಬೇಕಪ್ಪ." ಇದನ್ನು ಓದಿ ಒಬ್ಬಳೇ ಜೋರಾಗಿ ನಕ್ಕೆ. ಇಲ್ಲಿ ಬಾಂಬ್ ಬೀಳಲಿಲ್ಲ ಮಾರಾಯ, ನಿನ್ನಂಥವರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು, ಅಷ್ಟೇ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಈಗ ಔಷಧಿ ಅಂಗಡಿ, ಅಂಚೆ ಪೆಟ್ಟಿಗೆ, ಚರ್ಚಿನ ಬೀಗದ ಕೈ ಎಲ್ಲ ನನ್ನ ಹತ್ತಿರವೇ ಇವೆ.

ಬೈಗುಳವೆಲ್ಲ ಓದಿ ನನಗೆ ಹಬ್ಬವಾಯಿತು, ಸುಳ್ಳು ಹೇಳುವುದಿಲ್ಲ. ಮಾಡಿದ್ದುಣ್ಣಲಿ ಅಂದುಕೊಂಡೆ. ಆಮೇಲೆ ಹೊಗಳಿಕೆ ಸಿಕ್ಕಿತು. "ಇಡೀ ಆಟದಲ್ಲಿ ಲಾಯಕ್ಕಾಗಿರೋದು ಮೀಸೆ ತಾತ ಒಬ್ನೇ. ಎರಡು ಹುಬ್ಬಿನ ಮಧ್ಯೆ ಸರಿಯಾಗಿ ಒಂದು ಗುಂಡು ಹಾಕಿ, ಮುಂದಿನ ಪೆಟ್ಟಿಗೇಲಿ ಒಳ್ಳೇ ಬಂದೂಕು ಗ್ಯಾರಂಟಿ. ನಂಗೆ ಸಿಕ್ತು!" ಕೆಳಗೆ ನೂರಾರು ಜನ, ನಂಗೂ ಸಿಕ್ತು, ನಂಗೂ ಸಿಕ್ತು. ಇನ್ನೊಬ್ಬ ಕಣ್ಣಿಗೆ ಹೊಡೆದರೆ ಮದ್ದು ಸಿಗುತ್ತದೆ ಅನ್ನುತ್ತಾನೆ. ಅದೆಲ್ಲ ಮೂಢನಂಬಿಕೆ, ಆಟದಲ್ಲಿ ಹಾಗೇನೂ ಇಟ್ಟಿಲ್ಲ ಅಂತ ನೀನೇ ಬರೆದೆ, ಸಮಾಧಾನ ಮಾಡುವವನ ಹಾಗೆ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಇಡೀ ಜೀವಮಾನ ಇಲ್ಲಿಂದ ಹತ್ತಿರದ ಮಾಂಟಾನಾ ಪಟ್ಟಣಕ್ಕೆ ಬಸ್ಸು ಓಡಿಸಿ, ಮುದುಕಿಯರ ಮೂಟೆ ಇಳಿಸಿಕೊಟ್ಟು, ಒಂದು ನಾಯಿಗೂ ಚಕ್ರ ತಾಗಿಸದ ಮನುಷ್ಯ ನನ್ನಪ್ಪ. ಅವನಿಗೆ ದಿನಾ ಗುಂಡು ಹೊಡೆಯುತ್ತಿದ್ದಾರೆ ಕ್ರಾಸೆನ್. ತೂತು ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ, ಮುಖ ಮತ್ತೆ ಹೊಸದಾಗುತ್ತದೆ, ಮತ್ತೆ ಹೊಡೆಯುತ್ತಾರೆ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಪಕ್ಕದ ಮನೆಯ ಯೊನ್ಕಾಳಿಗೆ ಸ್ಪೇನ್‌ನಲ್ಲಿರುವ ಮೊಮ್ಮಗಳು ಸುದ್ದಿ ಮುಟ್ಟಿಸಿದ್ದಾಳೆ. ನಾವು ಚಳಿಗಾಲಕ್ಕೆ ಎತ್ತಿಡಲು ಅಂಗಳದಲ್ಲಿ ದಪ್ಪ ಮೆಣಸಿನಕಾಯಿ ಸುಡುತ್ತಿದ್ದೆವು. ಯೊನ್ಕಾ ಬೇಲಿಯ ಆಚೆಯಿಂದಲೇ ಕೂಗಿಕೊಂಡು ಬಂದಳು: "ಏ ಗೆನಾ! ನಿನ್ ಗಂಡ ಕಂಪ್ಯೂಟರ್ ಆಟದಾಗೆ ಬಂದವ್ನಂತೆ ಕಣೇ! ಬದುಕಿದ್ದಾಗ ಮಾಂಟಾನಾ ದಾಟ್ದೋನಲ್ಲ, ಈಗ ಅಮೆರಿಕಾದೋರೆಲ್ಲಾ ನೋಡ್ತಾವ್ರಂತೆ!" ಅಮ್ಮ ಮಸಿ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಹೋದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ನನ್ನನ್ನು ಕೇಳಿದಳು, "ಅಲ್ಲಿ ಹೋಗೋರು ಬರೋರು ನಿಂತು ಅವ್ರನ್ನ ನೋಡ್ತಾರೇನೇ?"

"ನೋಡ್ತಾರಮ್ಮ."

"ಏನಂತಾರೆ?"

"ಮೀಸೆ ಚೆನ್ನಾಗಿದೆ ಅಂತಾರೆ."

"ಇಲ್ಲಿ ಯಾರಿದಾರೆ ನಿಂತು ನೋಡೋಕೆ, ಅಲ್ಲಾದ್ರೂ ನೋಡ್ಲಿ ಬಿಡು" ಅಂದಳು. ಮಾರನೇ ದಿನ ಬ್ರೆಡ್ ಸಾಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಅಳಿಯ ಮಾವನಿಗೆ ಎಂಥ ಗೌರವ ಮಾಡಿದ್ದಾನೆ ನೋಡಿ ಅಂತ. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೆ.

ಯೊನ್ಕಾಳ ಮೊಮ್ಮಗಳು ರಜೆಗೆ ಬರುತ್ತಿದ್ದಾಳೆ. ಹತ್ತೊಂಬತ್ತನೇ ತಾರೀಕು ಸ್ಮಶಾನದಿಂದ ಬಂದಮೇಲೆ ಆ ಆಟ ಹಾಕಿ ಅಜ್ಜನನ್ನು ತೋರಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದಾಳೆ. ಅಮ್ಮ ಆ ದಿನಕ್ಕೆ ಅಂತ ನೀಲಿ ರವಿಕೆ ಇಸ್ತ್ರಿ ಮಾಡಿಸಿ ಇಟ್ಟಿದ್ದಾಳೆ. ಬೇಡಮ್ಮ, ಕಂಪ್ಯೂಟರ್ ಕೆಟ್ಟಿದೆ ಅಂದೆ. "ಅದು ಅವ್ಳದ್ದು, ನಿಂದಲ್ಲ" ಅಂದಳು. ಈಗ ಹೇಳು. ಅವಳು ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತು, ಗಂಡನ ಮುಖ ಹುಡುಕಿ, ಸಿಕ್ಕಿತು ಅಂತ ಬೆರಳು ತೋರಿಸುವ ಹೊತ್ತಿಗೆ ಯಾವನೋ ಬಂದು ಹುಬ್ಬಿನ ನಡುವೆ ಗುಂಡು ಹೊಡೆದರೆ ನಾನು ಅವಳಿಗೆ ಏನಂತ ಹೇಳಲಿ?

ನಿನಗೆ ಹೇಳಬಾರದು ಅಂದುಕೊಂಡಿದ್ದನ್ನು ಹೇಳುತ್ತೇನೆ. ನಾನೂ ಆ ಆಟ ಕೊಂಡಿದ್ದೇನೆ. ನೀನು ಬಿಟ್ಟುಹೋದ ಹಳೇ ಕಂಪ್ಯೂಟರಿನಲ್ಲಿ ಅದು ಕೆಮ್ಮುತ್ತಾ ಓಡುತ್ತದೆ. ಮೊದಲ ದಿನ ನಡೆಯಲು ಬರದೆ ಪೊದೆಗೆ ತಲೆ ಕೊಟ್ಟು ನಿಂತಿದ್ದೆ. ಈಗ ಪರವಾಗಿಲ್ಲ. ಅಂಗಡಿ ಮುಚ್ಚಿ ಬಂದವಳೇ ಕೂತು, ನಿಮ್ಮ ಬೂದಿ ಬೀದಿಯಲ್ಲಿ ನೇರವಾಗಿ ಬ್ರೆಡ್ ಅಂಗಡಿಗೆ ಹೋಗಿ ಅಪ್ಪನ ಚೀಟಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಬಂದೂಕು ಹಿಡಿದಿಲ್ಲ, ಸುಮ್ಮನೆ ಅಡ್ಡ ನಿಲ್ಲುತ್ತೇನೆ. ಅವರು ನನ್ನನ್ನು ಹೊಡೆಯುತ್ತಾರೆ, ಬೀಳುತ್ತೇನೆ, ದೋಣಿಕಟ್ಟೆಯ ಹತ್ತಿರ ಎಚ್ಚರವಾಗುತ್ತದೆ. ಅಲ್ಲಿಂದ ಎದ್ದು ಮತ್ತೆ ಬರುತ್ತೇನೆ. ನನ್ನದೇ ಊರಲ್ಲವೇ, ಔಷಧಿ ಅಂಗಡಿಯ ಹಿತ್ತಲಿನಿಂದ ಒಳದಾರಿ ನಿಮ್ಮ ನಕ್ಷೆ ಮಾಡಿದವರಿಗಿಂತ ನನಗೆ ಚೆನ್ನಾಗಿ ಗೊತ್ತು. ಈಗ ನನ್ನ ಬಗ್ಗೆಯೂ ಅಭಿಪ್ರಾಯಗಳು ಬರುತ್ತಿವೆ: "ಯಾವಳೋ ಹುಚ್ಚಿ ತಾತನ ಮುಂದೆ ನಿಂತ್ಬಿಟ್ಟವ್ಳೆ, ಕದಲಲ್ಲ. ಹೊಡೆದ್ರೆ ಸಾಯ್ತಾಳೆ, ಮತ್ತೆ ಬಂದು ನಿಲ್ತಾಳೆ. ಕಂಪನಿಯೋರು ಈ ದೋಷ ಬೇಗ ಸರಿಮಾಡ್ಬೇಕು." ದೋಷ ಅಂದರೆ ನಾನು. ನಿನಗೆ ಆ ದೂರು ಬಂದಿರಬಹುದು.

ಹಾಗಾಗಿ ನಾನೂ ಒಬ್ಬ ಆಟಗಾರ್ತಿ, ನನ್ನ ಅಭಿಪ್ರಾಯವನ್ನೂ ಬರೆದುಕೊಳ್ಳಿ. ಆಟ ಕೆಟ್ಟದಾಗಿದೆ. ಕುದುರೆಗಳು ಮುಳುಗುತ್ತವೆ, ಡ್ಯಾನ್ಯೂಬ್ ಒಣಗಿದ ಚರಂಡಿಯ ಹಾಗಿದೆ, ಬ್ರೆಡ್ ಅಂಗಡಿಯ ಒಳಗೆ ಬ್ರೆಡ್ ಇಲ್ಲ. ಸತ್ತವರನ್ನು ಇನ್ನೊಮ್ಮೆ ಸಾಯಿಸುವುದಷ್ಟೇ ಅಲ್ಲಿ ಸಲೀಸಾಗಿ ನಡೆಯುತ್ತದೆ. ಇದನ್ನು ಮಾಡಿದವರಲ್ಲಿ ಒಬ್ಬ ನನ್ನ ಮನೆಯಲ್ಲಿ ಊಟ ಮಾಡಿದವನು ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಪ್ಪನ ಮುಖ ಆಟದಲ್ಲೇ ಇಟ್ಟುಕೊಳ್ಳಲು ಅಮ್ಮ ಸಹಿ ಹಾಕಬೇಕು ಅಂತ ಕಳಿಸಿದ್ದೆಯಲ್ಲ ಒಪ್ಪಿಗೆ ಪತ್ರ, ಅದರಿಂದ ಒಲೆ ಹೊತ್ತಿಸಿದೆ. ಮೆಣಸಿನಕಾಯಿ ಚೆನ್ನಾಗಿ ಸುಟ್ಟವು.

ಹೆಚ್ಚಿಗೆ ಏನೂ ಕೇಳುತ್ತಿಲ್ಲ. ಆ ಒಂದು ಬಾಗಿಲನ್ನು ಬರಿದು ಮಾಡು. ನಿನ್ನ ಯಜಮಾನ ಕೆಲಸದಿಂದ ತೆಗೆದರೆ ತೆಗೆಯಲಿ. ಅಪ್ಪ ಇದ್ದಿದ್ದರೆ ನಿನಗೆ ಬಸ್ಸಿನ ಕೀಲಿಕೈ ಕೊಟ್ಟು "ಓಡ್ಸಪ್ಪ, ಬದುಕೋಕೆ ಇಷ್ಟು ಸಾಕು" ಅನ್ನುತ್ತಿದ್ದ.

ಶುಕ್ರವಾರದವರೆಗೆ ಮಾತ್ರ ನಿನ್ನ ಹೆಂಡತಿ,
ವೆಲಿಚ್ಕಾ

ತಾ.ಕ.: ಕಾಗದ ಮಡಚಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದು ವಾರದಿಂದ ಆ ಬಾಗಿಲ ಹತ್ತಿರ ನಾನೊಬ್ಬಳೇ ಇಲ್ಲ. ಉದ್ದನೆಯ ಕೋಟು ಹಾಕಿದ ಯಾರೋ ಒಬ್ಬರು ಬಂದು ನನ್ನ ಪಕ್ಕ ನಿಲ್ಲುತ್ತಾರೆ. ಹೆಸರಿನ ಜಾಗದಲ್ಲಿ ಹೆಸರಿಲ್ಲ. ಯಾರಿಗೂ ಗುಂಡು ಹೊಡೆಯುವುದಿಲ್ಲ. ನಿನ್ನೆ ಮಹಡಿಯ ಮೇಲಿಂದ ಒಬ್ಬ ಗುರಿಯಿಟ್ಟಾಗ ನನ್ನನ್ನು ದಾಟಿ ಮುಂದೆ ಬಂದು ತಾವೇ ಬಿದ್ದರು, ದೋಣಿಕಟ್ಟೆಯಿಂದ ನಡೆದುಕೊಂಡು ಮತ್ತೆ ಬಂದರು. "ಯಾರು ನೀವು?" ಅಂತ ಬರೆದೆ, ಚೀಟಿಗೆ ಇನ್ನೂ ಹತ್ತಿರ ಸರಿದು ನಿಂತರು. ಅದು ನೀನಾಗಿದ್ದರೆ, ನಿಂತಿದ್ದು ಸಾಲದು ಕ್ರಾಸೆನ್. ನಿಲ್ಲುವುದು ನನ್ನಂಥ ಕೈಲಾಗದವರ ಕೆಲಸ, ನಿನ್ನ ಕೈಯಲ್ಲಿ ತೆಗೆಯುವುದು ಇದೆ, ತೆಗೆ. ನೀನಲ್ಲದಿದ್ದರೆ, ಅಪ್ಪನ ಹೆಸರೂ ಗೊತ್ತಿಲ್ಲದ ಯಾರೋ ನೀನು ಮಾಡಬೇಕಾಗಿದ್ದನ್ನು ಮಾಡುತ್ತಿದ್ದಾರೆ. ಚೀಟಿಯಲ್ಲಿ ಮೂರನೇ ಹೆಸರಿಗೆ ಜಾಗ ಬಿಟ್ಟಿರು ಅಂತ ಇವತ್ತು ಬೊಜಿದಾರ್‌ಗೆ ಹೇಳಿ ಬಂದೆ. ಅದು ನೀನೋ ಅಲ್ಲವೋ ಶುಕ್ರವಾರದೊಳಗೆ ಹೇಳು. ಅಲ್ಲ ಅಂದರೆ ಅವರ ಹೆಸರು ಕೇಳಿಕೊಂಡು ಅಲ್ಲಿ ಹಾಕಿಸುತ್ತೇನೆ.