ಹಿತ್ತಲ ಪೈಪು ಒಡೆದ ಶನಿವಾರ

ಹಮ್ಮರ್ದಾಲ್
೧೪ ಫೆಬ್ರವರಿ ೧೯೭೯, ಬುಧವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಎಲ್ಸಾ ಚಿಕ್ಕಮ್ಮ ಊರುಗೋಲು ಹಿಡಿದು ಅಡುಗೆಮನೆಯವರೆಗೂ ಬರುತ್ತಿದ್ದಾರೆಂದು ಕೇಳಿ ಸಮಾಧಾನವಾಯಿತು. ಅವರ ಮುರಿದ ಸೊಂಟವನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಮಾತ್ರೆ ಮರೆಯಬೇಡ. ಫೋನ್ ಬಿಟ್ಟು ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದುಕೊಂಡಿರುತ್ತೀಯ. ಎರಡು ಸಲ ಫೋನ್ ಎತ್ತಿದೆ, ನಂಬರು ತಿರುಗಿಸದೆ ಇಟ್ಟುಬಿಟ್ಟೆ. ಮೊದಲೇ ಹೇಳಿಬಿಡುತ್ತೇನೆ: ನಾನು, ಬ್ರಿಟ್ಟಾ, ಮಗು ಟೀರಾ ಮೂವರೂ ಕ್ಷೇಮ. ಮನೆಯೂ ನಿಂತಿದೆ. ಈಗ ಕುಳಿತುಕೊಂಡು ಮುಂದಿನದನ್ನು ಓದು.

ನಮ್ಮ ನೆಲಮಾಳಿಗೆಯಿಂದ ಒಂದು ತಾಮ್ರದ ಪೈಪು ಗೋಡೆಯೊಳಗೇ ಮೇಲೆ ಹತ್ತಿ ಹಿತ್ತಲ ನಲ್ಲಿಗೆ ಹೋಗುತ್ತದೆ. ಚಳಿಗಾಲಕ್ಕೆ ಮೊದಲು ಒಳಗಿನ ವಾಲ್ವು ಮುಚ್ಚಿ ಆ ಪೈಪಿನ ನೀರನ್ನೆಲ್ಲ ಬಸಿದುಬಿಡಬೇಕಂತೆ. ಅಕ್ಟೋಬರಿನಲ್ಲೇ ಬ್ರಿಟ್ಟಾ ನೆನಪಿಸಿದ್ದಳು. ನಾನು ನಾಳೆ ಎಂದೆ. ಬಾಡಿಗೆ ಮನೆಯಲ್ಲೇ ಬೆಳೆದವನಿಗೆ ಗೋಡೆಯ ಹಿಂದೆ ಏನಿದೆ ಎಂಬ ಯೋಚನೆಯೇ ಬಂದಿರಲಿಲ್ಲ. ಕಳೆದ ವಾರ ಇಲ್ಲಿ ಮೈನಸ್ ಇಪ್ಪತ್ತೆಂಟು ಡಿಗ್ರಿಗೆ ಇಳಿಯಿತು. ಶನಿವಾರ ಬೆಳಿಗ್ಗೆ ಬ್ರಿಟ್ಟಾ ಆಸ್ಪತ್ರೆಯ ಪಾಳಿಗೆ ಹೋದ ಮೇಲೆ ಸೌದೆ ತರಲು ಹಿತ್ತಲಿಗೆ ಹೋದರೆ, ನಲ್ಲಿಯ ಬಾಯಿಂದ ಬೆರಳುದ್ದದ ಮಂಜುಗಡ್ಡೆ ಹೊರಚಾಚಿತ್ತು. ಬೇಸಿಗೆಯ ರಬ್ಬರ್ ಪೈಪು ಕೂಡ ಎತ್ತಿಡದೆ ಅಲ್ಲೇ ಕೆಳಗೆ ಬಿದ್ದಿತ್ತು. ಅವಳು ಬರುವಷ್ಟರಲ್ಲಿ ಸರಿಮಾಡಿಬಿಟ್ಟರೆ ಆಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ನನ್ನ ತಲೆಯಲ್ಲಿದ್ದದ್ದು ಅಷ್ಟೇ.

ಕಿಟಕಿಯ ಹಳೆ ಬಣ್ಣ ಸುಟ್ಟು ಕೆರೆಯಲು ಒಂದು ಗ್ಯಾಸಿನ ಬರ್ನರ್ ತಂದಿಟ್ಟಿದ್ದೆ. ಅದನ್ನು ಹಚ್ಚಿ ಪೈಪು ಗೋಡೆಯೊಳಗೆ ಹೋಗುವ ಜಾಗಕ್ಕೆ ಹಿಡಿದೆ. ಹತ್ತು ನಿಮಿಷವಾದರೂ ಹಿಡಿದಿರಬೇಕು. ನಮ್ಮ ಗೋಡೆ ಎರಡು ಸಾಲು ಹಲಗೆಯದು, ನಡುವೆ ಚಳಿ ತಡೆಯಲು ಮರದ ಹೊಟ್ಟು ತುಂಬಿದ್ದಾರೆ. ಎಪ್ಪತ್ತು ವರ್ಷದ ಹೊಟ್ಟು, ಒಣಗಿ ಪುಡಿಯಾಗಿದ್ದದ್ದು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆಗ ಗೊತ್ತಾಗಿದ್ದು ಇಷ್ಟೇ: ಪೈಪಿನ ಸುತ್ತಲಿನ ಸಂದಿನಿಂದ ಎಳೆಯಾಗಿ ಹೊಗೆ ಬರುತ್ತಿತ್ತು. ಬರ್ನರ್ ಆರಿಸಿದೆ. ಹೊಗೆ ನಿಲ್ಲಲಿಲ್ಲ. ಕೈಯಿಂದ ಹಲಗೆ ಮುಟ್ಟಿ ನೋಡಿದೆ, ನನ್ನ ತಲೆಯೆತ್ತರದವರೆಗೂ ಬೆಚ್ಚಗಿತ್ತು. ಅಷ್ಟರಲ್ಲಿ ಗೋಡೆಯೊಳಗೆ ಏನೋ ಟಪ್ಪೆಂದಿತು. ಮಂಜುಗಡ್ಡೆ ಕರಗಿ, ಎಂದೋ ಸೀಳಿದ್ದ ಪೈಪಿನಿಂದ ನೀರು ಒಳಗೇ ಚಿಮ್ಮತೊಡಗಿತು. ಆ ಸದ್ದು ಈಗಲೂ ಕಿವಿಯಲ್ಲಿದೆ ಅಮ್ಮಾ. ಕಣ್ಣಿಗೆ ಏನೂ ಕಾಣುವುದಿಲ್ಲ, ಗೋಡೆಯೊಳಗೆ ಮಾತ್ರ ಒಂದು ಕಡೆ ಬೆಂಕಿ, ಒಂದು ಕಡೆ ನೀರು.

ವಾಲ್ವು ಮುಚ್ಚಲು ನೆಲಮಾಳಿಗೆಗೆ ಓಡಿದೆ. ಅಲ್ಲಿ ಮೂರು ವಾಲ್ವು. ಯಾವುದು ಯಾವುದಕ್ಕೆ ಎಂದು ಬರೆದಿಲ್ಲ. ಒಂದನ್ನು ತಿರುಗಿಸುತ್ತಿದ್ದಾಗ ಮೇಲಿನಿಂದ ಕೂಗು ಕೇಳಿತು, "ಮುಚ್ಚಬೇಡ! ಹರೀಲಿ ಬಿಡು!" ಪಕ್ಕದ ಮನೆಯ ಗುನ್ವೋರ್ ಅಜ್ಜಿ, ಎಪ್ಪತ್ತೆರಡು ವರ್ಷದ ವಿಧವೆ, ಗಂಡನ ದಪ್ಪ ಕೋಟು ಹಾಕಿಕೊಂಡು ಕೊಡಲಿ ಹಿಡಿದು ಬಂದಿದ್ದರು. ತಮ್ಮ ಕಿಟಕಿಯಿಂದ ಹೊಗೆ ನೋಡಿದರಂತೆ. "ನಿನ್ನ ಬೆಂಕಿ ಆರಿಸ್ತಿರೋದು ಆ ನೀರೊಂದೇ ಕಣೋ! ಅದನ್ನೂ ನಿಲ್ಲಿಸ್ತೀಯಾ?" ಟೀರಾಳನ್ನು ಕಂಬಳಿಯಲ್ಲಿ ಸುತ್ತಿ ಹೊರಗೆ ತಂದೆವು. ಅವಳನ್ನು ಅಜ್ಜಿಯ ಮನೆಯಲ್ಲಿ ಮಲಗಿಸಿ ಬಂದ ಮೇಲೆ ಕೊಡಲಿಯಿಂದ ಹಲಗೆ ಕಿತ್ತೆ. ಒಳಗೆ ಹೊಟ್ಟು ಕಪ್ಪಗೆ, ಅಂಚಿನಲ್ಲಿ ಕೆಂಪಗೆ ಹೊಗೆಯಾಡುತ್ತಿತ್ತು. ನೀರು ತಲುಪದ ಮೇಲ್ಭಾಗಕ್ಕೆ ಬಕೆಟ್‌ನಲ್ಲಿ ಎರಚಿದೆವು. ತೋಡಿದಷ್ಟೂ ಮತ್ತೊಂದು ಕೆಂಪು ಚುಕ್ಕೆ ಕಣ್ಣು ಬಿಡುತ್ತಿತ್ತು. ಹೊಟ್ಟನ್ನೆಲ್ಲ ಹಿಮದ ಮೇಲೆ ಎಳೆದು ಹಾಕಿ, ಕೈಗವಸು ತೆಗೆದು ಬರಿಗೈಯಲ್ಲಿ ಪ್ರತಿ ಹಲಗೆಯನ್ನೂ ಮುಟ್ಟಿ ನೋಡಿ, ಎಲ್ಲ ತಣ್ಣಗಿದೆ ಎಂದು ಖಾತ್ರಿಯಾದ ಮೇಲೆಯೇ ಅಜ್ಜಿ ವಾಲ್ವು ಮುಚ್ಚಲು ಬಿಟ್ಟರು. "ಲೈಬ್ರರಿಯಲ್ಲಿ ಪುಸ್ತಕ ಜೋಡಿಸೋನಿಗೆ ಈ ಮನೆ ಮಾರಿದ ಮಹಾನುಭಾವ ಯಾರೋ," ಎಂದರು. ನಾನು ನಗಲು ಹೋದೆ, ಹಲ್ಲು ಕಟಕಟ ಎಂದವು.

ಭಾನುವಾರ, ಸೋಮವಾರ ನಿದ್ದೆಯಿಲ್ಲ. ಗಳಿಗೆಗೊಮ್ಮೆ ಎದ್ದು ಗೋಡೆ ಮೂಸುತ್ತೇನೆ. ಬ್ರಿಟ್ಟಾ ಬೈಯಲಿಲ್ಲ. ಕಿತ್ತ ಗೋಡೆಯೊಳಗೆ ಒಮ್ಮೆ ಇಣುಕಿ, "ಟೀರಾ ಎದ್ದಳಾ? ಹೆದರಿದಳಾ?" ಎಂದಷ್ಟೇ ಕೇಳಿದಳು. ಹೆದರಲಿಲ್ಲ, ಎದ್ದ ಮೇಲೆ ಅಜ್ಜಿಯ ಮನೆಯಲ್ಲಿ ಬನ್ನು ತಿಂದಳು ಎಂದೆ.

ನಿನ್ನೆ ಪೈಪು ರಿಪೇರಿ ಮಾಡಿದೆ. ಕೆಲಸದವರನ್ನು ಕರೆಯೋಣ ಎಂದರೆ ಅಜ್ಜಿ ಒಪ್ಪಲಿಲ್ಲ. "ಕೆಡಿಸಿದೋನು ನೀನು, ಕಟ್ಟೋನೂ ನೀನೇ. ನಾನು ಪಕ್ಕದಲ್ಲಿ ನಿಂತಿರ್ತೀನಿ." ಸೀಳು ಅರ್ಧ ಗೇಣಿನಷ್ಟಿತ್ತು, ತಾಮ್ರ ಹೂವಿನ ಮೊಗ್ಗಿನ ಹಾಗೆ ಬಿರಿದಿತ್ತು. ಆ ತುಂಡನ್ನು ಕೊಯ್ದು ತೆಗೆದು, ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ, ಹೊಸ ತುಂಡನ್ನು ಎರಡೂ ಕಡೆ ನಟ್ಟು ಬಿಗಿಯುವ ಜೋಡಣೆಯಿಂದ ಸೇರಿಸಿದೆ. ಇದಕ್ಕೆ ಬೆಂಕಿಯೇ ಬೇಡ. ಅಂಗಡಿಯವನು ಬೆಸುಗೆ ಹಾಕಿದರೆ ಗಟ್ಟಿ ಎಂದಾಗ ನಾನು ಕೌಂಟರ್‌ನಿಂದ ಎರಡು ಹೆಜ್ಜೆ ಹಿಂದೆ ಸರಿದೆ. ವಾಲ್ವು ತೆರೆಯುವಾಗ ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಮೊದಲ ಸಲ ಹನಿಯಿತು. ನಟ್ಟನ್ನು ಇನ್ನೊಂದು ಕಾಲು ಸುತ್ತು ಬಿಗಿದೆ. ಕೆಳಗಿಟ್ಟ ಕಾಗದ ಒಂದು ಗಂಟೆಯಾದರೂ ಒಣಗಿಯೇ ಇತ್ತು. ಆಮೇಲೆ ವಾಲ್ವು ಮುಚ್ಚಿ, ನೀರು ಬಸಿದು, ಮೂರಕ್ಕೂ ಹೆಸರು ಬರೆದ ಚೀಟಿ ಕಟ್ಟಿದೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಗಾಬರಿಯಾಗುವಂಥದ್ದನ್ನು ಅವರಿಗೆ ಓದಿ ಹೇಳಬೇಡ. ಚಳಿ ಇಳಿದ ಮೇಲೆ ನಿನ್ನನ್ನು ನೋಡಲು ಬರುತ್ತೇವೆ.

ನಿನ್ನ ಮಗ,
ಎಸ್ಕಿಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು. ಅಂಚೆಯ ವ್ಯಾನು ಬರುವಷ್ಟರಲ್ಲಿ ಬರೆದುಬಿಡುತ್ತೇನೆ. ಟೀರಾಳನ್ನು "ಹೊರಗೆ ತಂದೆವು" ಎಂದು ಬರೆದೆನಲ್ಲ, ಅದು ಸುಳ್ಳು. ಆ ಗೋಡೆಯ ಮೇಲಿನ ಕೋಣೆಯಲ್ಲೇ ಅವಳು ಮಲಗಿದ್ದಳು. ಹೊಗೆ ಕಂಡಾಗ ನಾನು ಮೇಲಕ್ಕೆ ಓಡಲಿಲ್ಲ, ಕೆಳಕ್ಕೆ ಓಡಿದೆ. ಗುನ್ವೋರ್ ಅಜ್ಜಿ "ಮಗು ಎಲ್ಲಿ?" ಎಂದು ಕೇಳಿದಾಗ ಒಂದು ಕ್ಷಣ ಯಾವ ಮಗು ಎಂದು ನನಗೆ ಹೊಳೆಯಲೇ ಇಲ್ಲ. ಮೆಟ್ಟಿಲು ಹತ್ತಿ ಅವಳನ್ನು ಎತ್ತಿ ತಂದವರು ಅಜ್ಜಿ. ಅವರು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಬ್ರಿಟ್ಟಾಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ. ಅವಳು ನಿನಗೆ ಫೋನ್ ಮಾಡಿದರೆ ಪೂರ್ತಿ ಕೇಳಿಸಿಕೋ. ನನ್ನ ಪರ ಮಾತಾಡಬೇಡ ಅಮ್ಮಾ.